ಮನೆಮನೆಗೆ ಹೋಗುವ ನರ್ಸ್ ಮತ್ತು ಸಾಫ್ಟ್‌ವೇರಿನ ಆಯ್ಕೆ

(ಸಂಸ್ಥೆಯ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಂದಿನ ಎರಡು ಸಾಲುಗಳನ್ನು ಖಾಲಿ ಬಿಟ್ಟು ಹಿಂದೆ ಹೋಗಿ ಕುಳಿತಿರುವ ನನ್ನ ಪ್ರೀತಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರೇ,

ಕಾರ್ಯದರ್ಶಿಯವರು ಫೋನ್ ಮಾಡಿ, "ವಿದೇಶದಲ್ಲಿ ದುಡಿಯುತ್ತಿರುವ ನಮ್ಮವರ ಅನುಭವ ಮಕ್ಕಳಿಗೆ ಸಿಗಬೇಕು, ನೀವು ಅರ್ಧ ಗಂಟೆ ಮಾತನಾಡಬೇಕು" ಎಂದರು. ಯಾವ ವಿಷಯ ಎಂದು ಕೇಳಿದೆ. ನಿಮ್ಮ ಕೆಲಸದ ಬಗ್ಗೆಯೇ ಹೇಳಿ ಎಂದರು. ನಾನು ನರ್ಸ್. ಈಗ ಐದಾರು ವರ್ಷಗಳಿಂದ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ರೋಗಿಗಳ ಮನೆಗೇ ಹೋಗಿ ಶುಶ್ರೂಷೆ ಮಾಡುವ ಒಂದು ಸಣ್ಣ ಏಜೆನ್ಸಿಯಲ್ಲಿದ್ದೇನೆ. ಅಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ದುಬಾರಿಯಾದ ಪಾಠ ಗಾಯ ಕಟ್ಟುವುದೂ ಅಲ್ಲ, ಇಂಜೆಕ್ಷನ್ ಕೊಡುವುದೂ ಅಲ್ಲ, ಸಾಫ್ಟ್‌ವೇರ್ ಆಯ್ಕೆ ಮಾಡುವುದು. ಹಾಗಾಗಿ ಅದನ್ನೇ ಹೇಳುತ್ತೇನೆ. ಸಭೆಯಲ್ಲಿ ನರ್ಸಿಂಗ್ ಓದುವವರೂ ಇದ್ದಾರೆ, ಬಿ.ಸಿ.ಎ., ಇಂಜಿನಿಯರಿಂಗ್ ಓದುವವರೂ ಇದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕೇಳಬೇಕಾದ ವಿಷಯ ಇದು.

ನಮ್ಮ ಕರಾವಳಿಯಲ್ಲಿ 'ಹೋಂ ನರ್ಸ್' ಎಂದರೆ ಎಲ್ಲರಿಗೂ ಗೊತ್ತು. ನನ್ನ ಅಜ್ಜಿ ಹಾಸಿಗೆ ಹಿಡಿದಾಗ ನಮ್ಮ ಮನೆಯಲ್ಲೂ ಒಬ್ಬಾಕೆ ಹದಿನಾಲ್ಕು ತಿಂಗಳು ಇದ್ದರು. ಮಂಚದ ಪಕ್ಕದ ಮೊಳೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ನೇತುಹಾಕಿದ್ದರು. ಬೆಳಗ್ಗೆ ರಕ್ತದೊತ್ತಡ ಎಷ್ಟು, ಯಾವ ಮಾತ್ರೆ ಕೊಟ್ಟದ್ದು, ಎಷ್ಟು ಹೊತ್ತಿಗೆ ಮಗ್ಗುಲು ಬದಲಾಯಿಸಿದ್ದು, ಎಲ್ಲ ಅದರಲ್ಲಿ. ಡಾಕ್ಟರು ಬಂದರೆ ಮೊದಲು ನೋಡುತ್ತಿದ್ದದ್ದು ಅಜ್ಜಿಯನ್ನಲ್ಲ, ಆ ಪುಸ್ತಕವನ್ನು. ಆ ಪುಸ್ತಕದಲ್ಲಿದ್ದ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ: ಅದು ಒಂದೇ ಇತ್ತು. ಬರೆಯುವವರೂ ಓದುವವರೂ ಅದೇ ಪುಟವನ್ನು ನೋಡುತ್ತಿದ್ದರು.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ನರ್ಸ್ ಮನೆಯಲ್ಲಿ ಉಳಿಯುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಯಿಂದ ಹೊರಗೆ ಹೋಗುವುದು ಕಷ್ಟವಾಗಿರುವ ರೋಗಿಗೆ ವೈದ್ಯರ ಆದೇಶದಂತೆ ನರ್ಸ್, ಫಿಸಿಯೋಥೆರಪಿಸ್ಟ್, ಸ್ನಾನ ಮಾಡಿಸುವ ಸಹಾಯಕಿ ವಾರಕ್ಕೆ ಒಂದೆರಡು ಬಾರಿ ಬಂದು ಮುಕ್ಕಾಲು ಗಂಟೆ, ಒಂದು ಗಂಟೆ ಇದ್ದು ಹೋಗುತ್ತಾರೆ. ವೃದ್ಧರಿಗಾಗಿ 1965ರಲ್ಲಿ ಕಾನೂನಾದ ಮೆಡಿಕೇರ್ ಎಂಬ ಸರಕಾರಿ ವಿಮೆ ಇದರ ಖರ್ಚು ಭರಿಸುತ್ತದೆ. ಹಣ ಸರಕಾರದ್ದು, ಆದ್ದರಿಂದ ಕಾಗದವೂ ಸರಕಾರದ್ದೇ. ಮೊದಲ ಭೇಟಿಯ ನಂತರ 5 ದಿನಗಳೊಳಗೆ 'ಓಯಾಸಿಸ್' ಎಂಬ ಉದ್ದನೆಯ ಮೌಲ್ಯಮಾಪನವನ್ನು ಮುಗಿಸಬೇಕು. ರೋಗಿ ನಡೆಯುವುದು ಹೇಗೆ, ಬಟ್ಟೆ ತೊಡುವುದು ಹೇಗೆ, ಗಾಯದ ಸ್ಥಿತಿ ಏನು, ಮಾತ್ರೆ ತಾನೇ ತೆಗೆದುಕೊಳ್ಳಬಲ್ಲರೇ, ಹೀಗೆ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಅದನ್ನು 30 ದಿನಗಳೊಳಗೆ ಸರಕಾರದ ಕಂಪ್ಯೂಟರಿಗೆ ಕಳುಹಿಸಬೇಕು. ಪ್ರತಿ 60 ದಿನಕ್ಕೊಮ್ಮೆ ವೈದ್ಯರು ಆರೈಕೆಯ ಯೋಜನೆಗೆ ಮತ್ತೆ ಸಹಿ ಹಾಕಬೇಕು. 2025ರ ಜುಲೈ 1ರಿಂದ ಖಾಸಗಿ ವಿಮೆಯ ರೋಗಿಗಳಿಗೂ ಓಯಾಸಿಸ್ ಕಡ್ಡಾಯವಾಗಿದೆ.

ಹಣದ ಲೆಕ್ಕ ಇನ್ನೂ ಗೋಜಲು. 2020ರ ಜನವರಿಯಿಂದ ಮೆಡಿಕೇರ್ 30 ದಿನಗಳ ಅವಧಿಗೆ ಒಂದು ಮೊತ್ತ ಎಂದು ಕೊಡುತ್ತದೆ. ರೋಗಿ ಆಸ್ಪತ್ರೆಯಿಂದ ಬಂದದ್ದೋ ಮನೆಯಿಂದಲೋ, ಇದು ಮೊದಲ ಅವಧಿಯೋ ನಂತರದ್ದೋ, ಮುಖ್ಯ ಕಾಯಿಲೆ 12 ಗುಂಪುಗಳಲ್ಲಿ ಯಾವುದು, ಕೆಲಸ ಮಾಡಿಕೊಳ್ಳುವ ಶಕ್ತಿ ಮೂರರಲ್ಲಿ ಯಾವ ಮಟ್ಟ, ಜೊತೆಗಿರುವ ಕಾಯಿಲೆಗಳು ಮೂರರಲ್ಲಿ ಯಾವ ಮಟ್ಟ. ಗುಣಿಸಿ ನೋಡಿ, 432 ಬಗೆಯ ದರಗಳಾಗುತ್ತವೆ. ಇದನ್ನು ಬೆರಳಿನಲ್ಲಿ ಎಣಿಸುವ ಏಜೆನ್ಸಿ ಅಮೆರಿಕದಲ್ಲಿ ಒಂದೂ ಇರಲಾರದು. ಆದ್ದರಿಂದ ಸಾಫ್ಟ್‌ವೇರ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಯಾವುದು ಎಂಬುದಷ್ಟೇ.

ನಮ್ಮ ಏಜೆನ್ಸಿಯಲ್ಲಿ 9 ಜನ ನರ್ಸ್‌ಗಳು, ಸುಮಾರು 120 ರೋಗಿಗಳು. 2021ರಲ್ಲಿ ಹಳೆಯ ವ್ಯವಸ್ಥೆಯನ್ನು ಬದಲಾಯಿಸುವುದೆಂದು ತೀರ್ಮಾನವಾಯಿತು. ಆಯ್ಕೆ ಮಾಡಿದವರು ಯಾರು? ಮಾಲೀಕರು, ಮ್ಯಾನೇಜರ್ ಮತ್ತು ಲೆಕ್ಕಪತ್ರದವರು. ಮಾರಾಟಗಾರರು ಕಚೇರಿಗೆ ಬಂದು ದೊಡ್ಡ ಪರದೆಯ ಮೇಲೆ ಎರಡು ಗಂಟೆ ತೋರಿಸಿದರು. ಎಲ್ಲರಿಗೂ ಊಟದ ಡಬ್ಬಿ ತರಿಸಿದ್ದರು. ಬಣ್ಣಬಣ್ಣದ ನಕ್ಷೆಗಳು, ಒಂದು ಒತ್ತಿದರೆ ತಿಂಗಳ ಆದಾಯ, ಇನ್ನೊಂದು ಒತ್ತಿದರೆ ನರ್ಸ್‌ಗಳು ಎಲ್ಲೆಲ್ಲಿದ್ದಾರೆ ಎಂಬ ಭೂಪಟ. ತೋರಿಸಿದ ಮಾದರಿ ರೋಗಿಗೆ ಒಂದೇ ಕಾಯಿಲೆ, ಎರಡೇ ಮಾತ್ರೆ. ನಮ್ಮ ನಿಜವಾದ ರೋಗಿಗೆ ಏಳು ಕಾಯಿಲೆ, ಹದಿನಾರು ಮಾತ್ರೆ ಎಂದು ಹೇಳಲು ಆ ಕೋಣೆಯಲ್ಲಿ ಒಬ್ಬ ನರ್ಸ್ ಕೂಡ ಇರಲಿಲ್ಲ. ನಾವೆಲ್ಲ ಆ ಹೊತ್ತಿನಲ್ಲಿ ಕಾರಿನಲ್ಲಿದ್ದೆವು.

ಒಂದು ಗುರುವಾರ. ನನ್ನ ರೋಗಿಯೊಬ್ಬರು, ಜೋಳದ ಹೊಲಗಳ ನಡುವಿನ ಒಂಟಿ ಮನೆಯ ವೃದ್ಧರು, ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಗೊತ್ತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅದು. ಹೆಚ್ಚಾದರೆ ಒಳಗೆ ರಕ್ತಸ್ರಾವ, ಕಡಿಮೆಯಾದರೆ ಪಾರ್ಶ್ವವಾಯು. ರಕ್ತ ಪರೀಕ್ಷೆ ಮಾಡಿ ಮಾಡಿ ಪ್ರಮಾಣವನ್ನು ಹೊಂದಿಸುತ್ತಲೇ ಇರಬೇಕು. ಬುಧವಾರ ವೈದ್ಯರು ಪ್ರಮಾಣವನ್ನು 5 ಮಿಲಿಗ್ರಾಂನಿಂದ ಎರಡೂವರೆಗೆ ಇಳಿಸಿದ್ದರು. ಕಚೇರಿಯವರು ಅದನ್ನು ಸರಿಯಾಗಿಯೇ ದಾಖಲಿಸಿದ್ದರು. ಆದರೆ ನನ್ನ ಟ್ಯಾಬ್ಲೆಟ್ ಕಚೇರಿಯ ಕಂಪ್ಯೂಟರಿನೊಂದಿಗೆ ಕೊನೆಯ ಬಾರಿ ಹೊಂದಿಕೊಂಡದ್ದು ಮಂಗಳವಾರ. ಆ ಭಾಗದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪರದೆಯ ಮೇಲೆ ಔಷಧಗಳ ಪಟ್ಟಿ ಅಂದವಾಗಿ ಕಾಣಿಸುತ್ತಿತ್ತು. ಅದು ಎರಡು ದಿನ ಹಳೆಯದು ಎಂದು ಹೇಳುವ ಒಂದು ಅಕ್ಷರವೂ ಅಲ್ಲಿರಲಿಲ್ಲ. ನಾನು ಏಳು ದಿನಗಳ ಮಾತ್ರೆ ಡಬ್ಬಿಯಲ್ಲಿ ಹಳೆಯ ಪ್ರಮಾಣವನ್ನೇ ತುಂಬಿಸಿ, ಅವರ ಮಗಳಿಗೆ ವಿವರಿಸಿ, ಸಹಿ ಪಡೆದು ಬಂದೆ.

ಸಂಜೆ ಊರಿಗೆ ಬಂದು ನೆಟ್‌ವರ್ಕ್ ಸಿಕ್ಕಿದ ಕೂಡಲೇ ಪಟ್ಟಿ ಬದಲಾಯಿತು. ನನಗೆ ಕೈಕಾಲು ತಣ್ಣಗಾಯಿತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ನಲವತ್ತು ಮೈಲಿ ಹಿಂದಕ್ಕೆ ಹೋದೆ. ಅವರು ಸಂಜೆಯ ಮಾತ್ರೆಯನ್ನು ಆಗಲೇ ನುಂಗಿದ್ದರು. ಒಂದು ದಿನದ ವ್ಯತ್ಯಾಸದಿಂದ ಏನೂ ಆಗಲಿಲ್ಲ, ವೈದ್ಯರೂ ಮರುದಿನದಿಂದ ಸರಿಪಡಿಸಿದರೆ ಸಾಕು ಎಂದರು. ಉಳಿದ ಆರು ಮನೆಗಳ ಮಾತ್ರೆಗಳನ್ನು ಆ ಡಬ್ಬಿಯಿಂದ ತೆಗೆದು ಮತ್ತೆ ತುಂಬಿಸುವಾಗ ನನ್ನ ಕೈ ನಡುಗುತ್ತಿದ್ದದ್ದು ಈಗಲೂ ನೆನಪಿದೆ. ಮುಂದಿನ ನರ್ಸ್ ಭೇಟಿ ಇದ್ದದ್ದು ಏಳು ದಿನಗಳ ನಂತರ.

ತಪ್ಪು ಯಾರದ್ದು? ನಾನು ಹೊರಡುವ ಮೊದಲು ಕಚೇರಿಗೆ ಒಂದು ಫೋನ್ ಮಾಡಬಹುದಿತ್ತು, ನನ್ನದೂ ತಪ್ಪು. ಆದರೆ ಅಜ್ಜಿಯ ನೋಟ್‌ಬುಕ್ಕಿನಲ್ಲಿ ಈ ತಪ್ಪು ಆಗಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಯೋಚಿಸಿ. ಇಲ್ಲಿ ಒಂದೇ ಪುಸ್ತಕದ ಹತ್ತು ಪ್ರತಿಗಳಿದ್ದವು, ಯಾವುದು ಹೊಸತು ಎಂದು ಪ್ರತಿಯೇ ಹೇಳುತ್ತಿರಲಿಲ್ಲ.

ಅದೇ ಸಾಫ್ಟ್‌ವೇರಿನ ಇನ್ನೊಂದು ಉಪಕಾರವನ್ನೂ ಹೇಳಿಬಿಡುತ್ತೇನೆ. 2022ರಿಂದ ಮೆಡಿಕೇರ್ ಒಂದು ನಿಯಮ ತಂದಿತು. ಹೊಸ ರೋಗಿಯನ್ನು ಸೇರಿಸಿಕೊಂಡ 5 ದಿನಗಳೊಳಗೆ ಸೇರ್ಪಡೆಯ ಸೂಚನೆಯನ್ನು ಕಳುಹಿಸಬೇಕು. ತಪ್ಪಿದರೆ ದಂಡವನ್ನು ಆರನೆಯ ದಿನದಿಂದಲ್ಲ, ಮೊದಲ ದಿನದಿಂದಲೇ ಎಣಿಸುತ್ತಾರೆ, ದಿನಕ್ಕೆ ಮೂವತ್ತರಲ್ಲಿ ಒಂದು ಪಾಲಿನಂತೆ. ಹತ್ತು ದಿನವಾದರೆ ಆ ಅವಧಿಯ ಹಣದಲ್ಲಿ ಮೂರನೇ ಒಂದು ಭಾಗ ಹೋಯಿತು. ನಮ್ಮ ಪರದೆಯಲ್ಲಿ 'ಕಳುಹಿಸಲಾಗಿದೆ' ಎಂದು ಹಸಿರು ಗುರುತು ಬರುತ್ತಿತ್ತು. ಕಳುಹಿಸಿದ್ದು ಹೌದು, ಮಧ್ಯದಲ್ಲಿ ಸಾಲಿನಲ್ಲಿ ನಿಂತಿತ್ತು. ಮೆಡಿಕೇರ್ ಸ್ವೀಕರಿಸಿರಲಿಲ್ಲ. ಹೀಗೆ ಹಲವು ರೋಗಿಗಳ ಹಣ ಕಡಿತವಾದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಸಂಬಳ ಎರಡು ವಾರ ತಡವಾಯಿತು. ಇಬ್ಬರು ನರ್ಸ್‌ಗಳು ಬೇರೆ ಕಡೆ ಹೋದರು. ಮಾಲೀಕರು ಏಜೆನ್ಸಿಯನ್ನು ಮುಚ್ಚುವ ಮಾತನ್ನೂ ಆಡಿದರು. ಸಣ್ಣ ಊರು, ನಾವು ಮುಚ್ಚಿದರೆ ಆ 120 ಮನೆಗಳಿಗೆ ಬೇರೆ ಯಾರು ಹೋಗಬೇಕು?

2023ರಲ್ಲಿ ಮತ್ತೆ ಆಯ್ಕೆಗೆ ಕುಳಿತೆವು. ಈ ಬಾರಿ ಸಮಿತಿಯಲ್ಲಿ ನನ್ನನ್ನೂ, ಒಬ್ಬ ಫಿಸಿಯೋಥೆರಪಿಸ್ಟರನ್ನೂ, ಬಿಲ್ ಮಾಡುವ ಹೆಂಗಸನ್ನೂ ಸೇರಿಸಿದರು. ಮಾರುಕಟ್ಟೆಯಲ್ಲಿ ಹೆಸರುಗಳೇನೂ ಕಡಿಮೆ ಇಲ್ಲ: ಹೋಂಕೇರ್ ಹೋಂಬೇಸ್, ವೆಲ್‌ಸ್ಕೈ, ಆಕ್ಸೆಸ್, ಮ್ಯಾಟ್ರಿಕ್ಸ್‌ಕೇರ್, ನೆಟ್‌ಸ್ಮಾರ್ಟ್. ಯಾವುದನ್ನು ಕೊಂಡೆವು ಎಂದು ಹೇಳುವುದಿಲ್ಲ, ನಾನಿಲ್ಲಿಗೆ ಜಾಹೀರಾತಿಗೆ ಬಂದವಳಲ್ಲ. ವಿದ್ಯಾರ್ಥಿಗಳ ಮಾಹಿತಿಗೆ ಒಂದು ಮಾತು: ಇವುಗಳಲ್ಲಿ ಆಕ್ಸೆಸ್ ಕಂಪೆನಿಯನ್ನು 2007ರಲ್ಲಿ ಡಲ್ಲಾಸಿನಲ್ಲಿ ಸ್ಥಾಪಿಸಿದ ಜಾನ್ ಒಲಾಜಿಡೆ ನೈಜೀರಿಯಾದಿಂದ ಬಂದು ಅಲ್ಲಿ ಓದಿದವರು.

ನಾವು ಮಾಡಿದ ಮೊದಲ ಕೆಲಸ, ಮಾರಾಟಗಾರರನ್ನು ಕರೆಯುವ ಮೊದಲೇ ನಮ್ಮ ಒಂದು ವಾರವನ್ನು ಕಾಗದದಲ್ಲಿ ಬರೆದದ್ದು. ರೋಗಿಯ ವಿವರ ಆಸ್ಪತ್ರೆಯಿಂದ ಬರುವುದು ಹೇಗೆ (ಹೆಚ್ಚಿನವು ಈಗಲೂ ಫ್ಯಾಕ್ಸ್‌ನಲ್ಲೇ ಬರುತ್ತವೆ, ನಂಬಿ), ಅದನ್ನು ಯಾರು ನೋಡುತ್ತಾರೆ, ನರ್ಸ್‌ಗೆ ಯಾವಾಗ ತಿಳಿಯುತ್ತದೆ, ವೈದ್ಯರ ಸಹಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬರೆದು ನೋಡಿದಾಗ ನಮ್ಮ ಅರ್ಧ ತೊಂದರೆಗಳಿಗೆ ಸಾಫ್ಟ್‌ವೇರ್ ಕಾರಣವೇ ಅಲ್ಲ ಎಂದು ಗೊತ್ತಾಯಿತು. ಸಹಿಗಾಗಿ ವೈದ್ಯರ ಕಚೇರಿಗೆ ಯಾರು ಫೋನ್ ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಹೇಳಿರಲೇ ಇಲ್ಲ. ಯಾವ ಸಾಫ್ಟ್‌ವೇರೂ ಅದನ್ನು ಸರಿಪಡಿಸದು.

ಎರಡನೆಯದಾಗಿ, ಪ್ರದರ್ಶನವನ್ನು ನಾವೇ ನಡೆಸಿದೆವು. ಹೆಸರು ಬದಲಾಯಿಸಿ ನಮ್ಮ ಅತಿ ಕಷ್ಟದ ರೋಗಿಯ ವಿವರವನ್ನು ಕೊಟ್ಟು, ಇವರನ್ನು ಸೇರಿಸಿ ತೋರಿಸಿ ಎಂದೆವು. ಟ್ಯಾಬ್ಲೆಟ್ಟನ್ನು ಎರಡು ವಾರ ಸಾಲ ಪಡೆದು, ನೆಟ್‌ವರ್ಕ್ ಸಿಗದ ತೋಟದ ಮನೆಯೊಂದರ ನೆಲಮಾಳಿಗೆಯಲ್ಲಿ ಕುಳಿತು ಒಂದು ಪೂರ್ಣ ಓಯಾಸಿಸ್ ಬರೆದೆ. ನಡುವೆ ಬೇಕೆಂದೇ ಬ್ಯಾಟರಿ ತೆಗೆದಂತೆ ಆರಿಸಿದೆ. ಒಂದರಲ್ಲಿ ಬರೆದದ್ದೆಲ್ಲ ಮಾಯ. ಇನ್ನೊಂದರಲ್ಲಿ ಕೊನೆಯ ಪ್ರಶ್ನೆ ಮಾತ್ರ ಹೋಗಿತ್ತು. ಔಷಧಗಳ ಪಟ್ಟಿಯ ತಲೆಯ ಮೇಲೆ 'ಈ ಮಾಹಿತಿ ಇಂಥ ದಿನ, ಇಂಥ ಗಂಟೆಯದ್ದು' ಎಂದು ತೋರಿಸುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಐದು ಕಂಪೆನಿಗಳಲ್ಲಿ ಮೂವರು ಈ ಪ್ರಶ್ನೆ ಯಾಕೆಂದೇ ಕೇಳಿದರು.

ಬಿಲ್ಲಿನ ಹೆಂಗಸಿನ ಪ್ರಶ್ನೆ ಒಂದೇ: 'ಕಳುಹಿಸಲಾಗಿದೆ' ಮತ್ತು 'ಸ್ವೀಕರಿಸಲಾಗಿದೆ' ಬೇರೆ ಬೇರೆ ಬಣ್ಣದಲ್ಲಿ ಇದೆಯೇ? ಇಲಿನಾಯ್‌ನಲ್ಲಿ 2019ರ ಜೂನ್‌ನಿಂದ ಇನ್ನೊಂದು ಕಟ್ಟುಪಾಡೂ ಇದೆ. ಹಣ ಕೇಳುವ ಮೊದಲೇ ದಾಖಲೆಗಳ ಕಟ್ಟನ್ನು ಪರಿಶೀಲನೆಗೆ ಕಳುಹಿಸುವುದು ಅದರಲ್ಲಿನ ಒಂದು ದಾರಿ, ನಾವು ಆ ದಾರಿಯಲ್ಲಿದ್ದವರು. ವೈದ್ಯರ ಆದೇಶ, ಮುಖಾಮುಖಿ ತಪಾಸಣೆಯ ಟಿಪ್ಪಣಿ, ಭೇಟಿಯ ವಿವರಗಳನ್ನು ಒಂದೊಂದಾಗಿ ಹುಡುಕಿ ಪ್ರಿಂಟ್ ತೆಗೆಯಲು ಹಳೆಯದರಲ್ಲಿ ರೋಗಿಯೊಬ್ಬರಿಗೆ ನಲವತ್ತು ನಿಮಿಷ ಬೇಕಾಗುತ್ತಿತ್ತು. ಆಕೆ ಗಡಿಯಾರ ಹಿಡಿದು ಕುಳಿತು ಐದೂ ಕಂಪೆನಿಗಳನ್ನು ಪರೀಕ್ಷಿಸಿದರು. ಬಡವರ ವಿಮೆಯಾದ ಮೆಡಿಕೇಡ್‌ನ ರೋಗಿಗಳಿದ್ದರೆ ಭೇಟಿಯ ಸ್ಥಳ ಮತ್ತು ಸಮಯವನ್ನು ಯಂತ್ರದ ಮೂಲಕವೇ ದೃಢಪಡಿಸಬೇಕೆಂದು 2016ರ ಕಾನೂನು ಹೇಳುತ್ತದೆ. ಆದರೆ ಒಂದೊಂದು ರಾಜ್ಯದ ವ್ಯವಸ್ಥೆ ಒಂದೊಂದು ತರ. 'ನಮ್ಮದು ಎಲ್ಲ ರಾಜ್ಯಕ್ಕೂ ಹೊಂದುತ್ತದೆ' ಎಂದವರಿಗೆ, ನಮ್ಮ ರಾಜ್ಯದಲ್ಲಿ ಈಗ ನಡೆಯುತ್ತಿರುವ ಒಂದು ಏಜೆನ್ಸಿಯನ್ನು ತೋರಿಸಿ ಎಂದೆವು. ಅವರು ಕೊಟ್ಟ ಹೆಸರುಗಳಿಗಿಂತ, ಅವರನ್ನು ಬಿಟ್ಟುಹೋದ ಏಜೆನ್ಸಿಗಳ ಮಾತಿನಿಂದಲೇ ನಮಗೆ ಹೆಚ್ಚು ತಿಳಿಯಿತು.

ಒಂದೆರಡು ವಿಷಯಗಳಲ್ಲಿ ಸಮಿತಿಯಲ್ಲಿ ಜಗಳವೂ ಆಯಿತು. ಹೆಚ್ಚಿನ ನರ್ಸ್‌ಗಳು ಇಷ್ಟಪಡುವ ಸೌಲಭ್ಯವೆಂದರೆ ಹಿಂದಿನ ಭೇಟಿಯ ಟಿಪ್ಪಣಿಯನ್ನು ಹಾಗೆಯೇ ನಕಲು ಮಾಡುವುದು. ನನಗೆ ಅದೆಂದರೆ ಭಯ. ಮೂರು ವಾರಗಳ ಹಿಂದೆ ಒಣಗಿದ ಗಾಯ ಟಿಪ್ಪಣಿಯಲ್ಲಿ ಇನ್ನೂ ಸೋರುತ್ತಿರುತ್ತದೆ. ರಕ್ತದೊತ್ತಡ, ಗಾಯದ ಅಳತೆ, ನೋವು, ಇವನ್ನು ನಕಲು ಮಾಡಲಾಗದಂತೆ ಬಂದ್ ಮಾಡಿಸಿದೆವು. ಇನ್ನೊಂದು, ನರ್ಸ್ ಓಯಾಸಿಸ್‌ಗೆ ಉತ್ತರ ತುಂಬುತ್ತಿದ್ದಂತೆ ಈ ಉತ್ತರಕ್ಕೆ ಇಷ್ಟು ಡಾಲರ್ ಎಂದು ಮೂಲೆಯಲ್ಲಿ ತೋರಿಸುವ ಸೌಲಭ್ಯ. ಮಾಲೀಕರಿಗೆ ಅದು ಬಹಳ ಹಿಡಿಸಿತು. ನಾನು ಬೇಡವೇ ಬೇಡ ಎಂದೆ. ರೋಗಿ ತಾನೇ ಸ್ನಾನ ಮಾಡುತ್ತಾರೋ ಇಲ್ಲವೋ ಎಂದು ನೋಡುತ್ತಿರುವ ಕಣ್ಣಿನ ಮುಂದೆ ಡಾಲರ್ ಕುಣಿಯಬಾರದು. ಪ್ರಾಮಾಣಿಕರ ಕೈಯೂ ಒಂದು ಗೆರೆ ಜಾರೀತು. ಕೊನೆಗೆ ಆ ಅಂಕೆ ಕಚೇರಿಯಲ್ಲಿ ಮಾತ್ರ ಕಾಣುವಂತೆ ಒಪ್ಪಂದವಾಯಿತು.

ಒಪ್ಪಂದ ಎಂದೆ. ವಾಣಿಜ್ಯ, ಕಾನೂನು ಓದುವ ಮಕ್ಕಳು ಇಲ್ಲಿ ಸ್ವಲ್ಪ ಗಮನಿಸಿ. ಸಾಫ್ಟ್‌ವೇರಿನ ದರ ನೋಡುವಾಗ ತಿಂಗಳ ಬಾಡಿಗೆ ಮಾತ್ರ ನೋಡಬಾರದು. ಕೆಲವರು ರೋಗಿಗಳ ಲೆಕ್ಕದಲ್ಲಿ, ಕೆಲವರು ಬಳಕೆದಾರರ ಲೆಕ್ಕದಲ್ಲಿ ಹಣ ಕೇಳುತ್ತಾರೆ. ತರಬೇತಿ ಬೇರೆ, ಫ್ಯಾಕ್ಸ್ ಬೇರೆ, ಔಷಧಗಳ ಪಟ್ಟಿ ಬೇರೆ. ಐದು ವರ್ಷದ ಕರಾರಿಗೆ ಸಹಿ ಹಾಕಿಸಿ, ಬಿಟ್ಟು ಹೋದರೆ ಉಳಿದ ವರ್ಷಗಳ ಹಣವನ್ನೂ ಕೊಡಿ ಎನ್ನುವವರಿದ್ದಾರೆ. ನಮ್ಮ ಹಳೆಯ ಕರಾರಿನಲ್ಲಿ ಹೊರಹೋಗುವಾಗ ದಾಖಲೆ ಕೊಡುವೆವು ಎಂದಿತ್ತು, ಹೇಗೆ ಎಂದಿರಲಿಲ್ಲ. ಸಾವಿರಾರು ಪಿಡಿಎಫ್ ಕಡತಗಳನ್ನು ಹೆಸರಿಲ್ಲದೆ ಬರೀ ಸಂಖ್ಯೆ ಹಾಕಿ ಕೊಟ್ಟರು. ರೋಗಿ ಬಿಡುಗಡೆಯಾದ ಮೇಲೂ 5 ವರ್ಷ ದಾಖಲೆ ಇಡಬೇಕೆಂದು ಮೆಡಿಕೇರ್ ನಿಯಮವಿದೆ. ಆ ಕಡತಗಳನ್ನು ಹೊಂದಿಸಲು ಒಬ್ಬ ಕಾಲೇಜು ಹುಡುಗನನ್ನು ಇಡೀ ಬೇಸಿಗೆ ರಜೆಗೆ ನೇಮಿಸಬೇಕಾಯಿತು. ಕಂಪೆನಿಯೇ ಮಾರಾಟವಾದರೆ ಏನು ಎಂಬುದನ್ನೂ ಬರೆಸಿಕೊಳ್ಳಬೇಕು. ಈ ಕ್ಷೇತ್ರದಲ್ಲಿ ಕಿನ್ಸರ್ ಎಂಬ ಹೆಸರು ಮನೆಮಾತಾಗಿತ್ತು. 2017ರಲ್ಲಿ ಮೆಡಿವೇರ್ ಅದನ್ನು ಕೊಂಡಿತು, 2018ರಲ್ಲಿ ಮೆಡಿವೇರ್ ತಾನೇ ವೆಲ್‌ಸ್ಕೈ ಎಂದು ಹೆಸರು ಬದಲಾಯಿಸಿಕೊಂಡಿತು.

ರೋಗಿಯ ಗುಟ್ಟಿನ ವಿಷಯದಲ್ಲಿ ಅಲ್ಲಿ 1996ರ 'ಹಿಪಾ' ಕಾನೂನಿದೆ. ಸಾಫ್ಟ್‌ವೇರ್ ಕಂಪೆನಿ ಅದರ ಕೆಳಗೆ ಪ್ರತ್ಯೇಕ ಒಡಂಬಡಿಕೆಗೆ ಸಹಿ ಹಾಕಲೇಬೇಕು. ಕಾನೂನು ಇದ್ದರೂ ಆಪತ್ತು ತಪ್ಪುವುದಿಲ್ಲ. 2024ರ ಫೆಬ್ರುವರಿಯಲ್ಲಿ ಚೇಂಜ್ ಹೆಲ್ತ್‌ಕೇರ್ ಎಂಬ, ಬಿಲ್ಲುಗಳನ್ನು ದಾಟಿಸುವ ಕಂಪೆನಿಯ ಮೇಲೆ ಸೈಬರ್ ದಾಳಿಯಾಗಿ, ಸುಮಾರು 19 ಕೋಟಿ ಜನರ ಮಾಹಿತಿ ಸೋರಿತು. ದೇಶದಾದ್ಯಂತ ಆಸ್ಪತ್ರೆ, ಔಷಧದಂಗಡಿಗಳ ಬಿಲ್ಲುಗಳು ವಾರಗಟ್ಟಲೆ ನಿಂತವು. ಬಿಲ್ಲು ಕಳುಹಿಸಲು ಎರಡನೆಯ ದಾರಿ ಇದೆಯೇ ಎಂಬ ಪ್ರಶ್ನೆ ನಮ್ಮ ಪಟ್ಟಿಗೆ ಸೇರಿದ್ದು ಅದರ ನಂತರ.

ಬದಲಾವಣೆಯನ್ನು ಒಂದೇ ದಿನ ಮಾಡಲಿಲ್ಲ. ಹೊಸ ರೋಗಿಗಳನ್ನು ಹೊಸದರಲ್ಲಿ ಸೇರಿಸಿದೆವು, ಹಳೆಯವರನ್ನು ಅವರ 60 ದಿನ ಮುಗಿದು ಮರು ಮೌಲ್ಯಮಾಪನ ಆಗುವಾಗ ಸಾಗಿಸಿದೆವು. ಎರಡು ತಿಂಗಳು ಎರಡೆರಡು ಟ್ಯಾಬ್ಲೆಟ್ ಹೊತ್ತು ತಿರುಗಿದೆವು, ಎಲ್ಲರೂ ಗೊಣಗಿದರು, ನಾನೂ ಗೊಣಗಿದೆ. ಪ್ರತಿ ಔಷಧದ ಪಟ್ಟಿಯನ್ನೂ ಯಂತ್ರದ ಮೂಲಕ ದಾಟಿಸದೆ, ರೋಗಿಯ ಮನೆಯಲ್ಲಿ ಬಾಟಲಿಗಳನ್ನು ಮೇಜಿನ ಮೇಲಿಟ್ಟು ಹೊಸದಾಗಿ ಬರೆದೆವು. ಹಾಗೆ ಬರೆಯುವಾಗ ಹಳೆಯ ಪಟ್ಟಿಗಳಲ್ಲಿ ಸಿಕ್ಕಿದ ತಪ್ಪುಗಳನ್ನು ಇಲ್ಲಿ ಹೇಳದಿರುವುದೇ ಒಳ್ಳೆಯದು.

ಇದೆಲ್ಲ ಅಮೆರಿಕದ ಕತೆ, ನಮಗೇನು ಎಂದು ಕೇಳಬಹುದು. ಓಯಾಸಿಸ್ ಪರಿಶೀಲಿಸುವ, ಕಾಯಿಲೆಗಳಿಗೆ ಸಂಕೇತ ಹಾಕುವ ಕೆಲಸವನ್ನು ಭಾರತದ ಕಚೇರಿಗಳಲ್ಲಿ ಕುಳಿತು ಮಾಡುವವರು ಬಹಳ ಜನರಿದ್ದಾರೆ, ನಮ್ಮ ಸಂಸ್ಥೆಯ ಹಳೆ ವಿದ್ಯಾರ್ಥಿಗಳೂ ಇರಬಹುದು. ಮನೆ ಶುಶ್ರೂಷೆಯ ಸಂಕೇತಕ್ಕೆಂದೇ ಎಚ್‌ಸಿಎಸ್-ಡಿ ಎಂಬ ಪ್ರತ್ಯೇಕ ಪ್ರಮಾಣಪತ್ರವಿದೆ. ನರ್ಸಿಂಗ್ ಓದಿದವರಿಗೆ ಅದು ಕೈಗೆಟುಕುವಂಥದ್ದು, ರಾತ್ರಿ ಪಾಳಿಯ ಆಸ್ಪತ್ರೆ ಕೆಲಸಕ್ಕೆ ಮನೆಯವರು ಒಪ್ಪದ ಹೆಣ್ಣುಮಕ್ಕಳು ವಿಚಾರಿಸಿ ನೋಡಬಹುದು. ನನ್ನ ಮನೆಯಲ್ಲೂ ಒಪ್ಪಿರಲಿಲ್ಲ. ಉಮ್ಮ ಮೂರು ದಿನ ಮಾತು ಬಿಟ್ಟಿದ್ದರು.

ಇನ್ನು ನಮ್ಮ ಊರಿನ ಹೋಂ ನರ್ಸ್ ಏಜೆನ್ಸಿಗಳು. ಅವುಗಳಿಗೆ ಓಯಾಸಿಸ್ ಬೇಡ, 432 ದರಗಳೂ ಬೇಡ. ದೊಡ್ಡ ಸಾಫ್ಟ್‌ವೇರ್ ಕೊಂಡರೆ ಹಣ ದಂಡ. ಆದರೆ ರೋಗಿಯ ಬೆನ್ನಿನ ಹುಣ್ಣಿನ ಫೋಟೋ ಹತ್ತು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವುದನ್ನು ನಾನು ಈ ರಜೆಯಲ್ಲೇ ಕಂಡೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಬ್ಬ ನರ್ಸ್ ರಜೆಗೆ ಹೋಗಿ ಇನ್ನೊಬ್ಬಳು ಬಂದಾಗ ಮಾತ್ರೆಗಳ ಪಟ್ಟಿ ಒಂದೇ ಆಗಿರುವಂತೆ, ಆ ಪಟ್ಟಿಯ ಮೇಲೆ ದಿನಾಂಕ ಇರುವಂತೆ, ಕನ್ನಡದಲ್ಲೂ ಮಲಯಾಳಂನಲ್ಲೂ ಓದಲು ಬರುವಂತೆ ಒಂದು ಸಣ್ಣ ಸಾಫ್ಟ್‌ವೇರ್ ಯಾರಾದರೂ ಮಾಡಿದರೆ ಅದಕ್ಕೆ ಇಲ್ಲಿ ಬೇಡಿಕೆ ಇದೆ. ಹಿಂದಿನ ಸಾಲಿನ ಬಿ.ಸಿ.ಎ. ಹುಡುಗರು ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಎಂದು ಬೆಳಗ್ಗೆ ನನ್ನ ಹತ್ತಿರ ಹೇಳುತ್ತಿದ್ದರು. ಕೋಡ್ ಬರೆಯುವ ಮೊದಲು ಒಂದು ವಾರ ಯಾರಾದರೂ ಹೋಂ ನರ್ಸ್‌ನ ನೋಟ್‌ಬುಕ್ಕನ್ನು ಓದಿ, ಮನೆಯವರ ಒಪ್ಪಿಗೆ ಪಡೆದು.

ನನ್ನ ಕಚೇರಿಯ ಟ್ಯಾಬ್ಲೆಟ್ ತೋರಿಸಿ ಎಂದು ಕೆಲವರು ಕೇಳಿದರು. ಅದನ್ನು ದೇಶದಿಂದ ಹೊರಗೆ ತರಲು ನಮಗೆ ಅನುಮತಿ ಇಲ್ಲ. ಓಯಾಸಿಸ್‌ನ ಖಾಲಿ ನಮೂನೆ ಮಾತ್ರ ಅಮೆರಿಕ ಸರಕಾರದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ, ಅದರ ಎರಡು ಪ್ರತಿಗಳನ್ನು ಪ್ರಿಂಟ್ ತೆಗೆದು ತಂದಿದ್ದೇನೆ. ಒಂದನ್ನು ಲೈಬ್ರೆರಿಯಲ್ಲಿ ಇಡಲು ಕಾರ್ಯದರ್ಶಿಯವರಿಗೆ ಕೊಡುತ್ತೇನೆ. ಇನ್ನೊಂದು ನನ್ನ ಕೈಯಲ್ಲಿರುತ್ತದೆ, ಊಟದ ಹೊತ್ತಿಗೆ ಯಾರು ಬೇಕಾದರೂ ಬಂದು ನೋಡಬಹುದು, ಕೇಳಬಹುದು.